ಹುಳಿಯಲ್ಲಿ ಬೆಂದ ಫ್ರಾನ್ಸಿನ ದಂಡು

ನಮ್ಮ ಬೀಗರು ಸ್ವಲ್ಪ ಲೂಸು. ಮಗಳ ಮಾವನ ಬಗ್ಗೆ ಹೀಗೆ ಬರೀಬಾರದು ಅಂತೀರಾ? ಒಂದು ದಿನ ಬಂದು ಅವರೆದುರು ಕೂತ್ಕೊಳ್ಳಿ, ಆಮೇಲೆ ಮಾತಾಡೋಣ!

ಅವರು ದುಡಿದದ್ದು ಟೆಲಿಫೋನ್ ಇಲಾಖೆಯಲ್ಲಿ. ಫ್ರಾನ್ಸನ್ನ ಮ್ಯಾಪಿನಲ್ಲಿ ಬಿಟ್ಟರೆ ಕಂಡಿಲ್ಲ. ಆದರೆ ಎರಡನೇ ಮಹಾಯುದ್ಧದ ಒಂದು ಫ್ರೆಂಚ್ ದಂಡು ಅಂದರೆ ಪ್ರಾಣ. ಬೇರೆ ಕಡೆ ಸೋತು ಉಳಿದ ಚೂರುಪಾರು ಸಿಪಾಯಿಗಳನ್ನ ಗುಡ್ಡೆಹಾಕಿ, ನದಿ ಕಾಯಲಿ ಅಂತ ಅವಸರದಲ್ಲಿ ಒಂದು ನಂಬರು ಕೊಟ್ಟು ಕಟ್ಟಿದ ಡಿವಿಷನ್ನಂತೆ. ತಿಂಗಳು ತುಂಬೋದ್ರೊಳಗೆ ಫ್ರಾನ್ಸೇ ಶರಣಾಯ್ತು, ದಂಡೂ ಮುಗೀತು. ಉಪ್ಪಿನಕಾಯಿ ಮಾಗೋಕೂ ಅದಕ್ಕಿಂತ ಜಾಸ್ತಿ ದಿನ ಬೇಕು! ಅದರ ಕಥೆಯನ್ನ ಯಾರಾದರೂ ಒಬ್ಬರು ಕೊನೇತನಕ ಕೂತು ಕೇಳಬೇಕು ಅನ್ನೋದೊಂದೇ ಬೀಗರ ಆಸೆ. ಆದರೆ ಒಬ್ಬರೂ ಕೇಳಿರಲಿಲ್ಲ.

ಕೊರೋನಾ ವರ್ಷ ಮಗಳ ಬಾಣಂತನಕ್ಕೆ ಸ್ಯಾನ್ ಡಿಯಾಗೋಗೆ ಬಂದೆ. ವಿಮಾನ ನಿಂತುಹೋಯ್ತು. ಫೋರ್ ಎಸ್ ರ್ಯಾಂಚ್ ಅನ್ನೋ ಬಡಾವಣೆಯ ಮಗಳ ಮನೇಲಿ ನಾನೂ, ಮೊದಲೇ ಬಂದಿದ್ದ ಬೀಗರೂ ಲಾಕ್! ನನಗೆ ಡ್ರೈವಿಂಗ್ ಬೇರೆ ಬರಲ್ಲ, ಓಡಿಹೋಗೋದೆಲ್ಲಿಗೆ?

ಒಂದು ಬೆಳಿಗ್ಗೆ ನೋಡ್ತೀನಿ, ಡೈನಿಂಗ್ ಟೇಬಲ್ ಮೇಲೆ ಮಗಳ ನೀಲಿ ದುಪ್ಪಟ್ಟಾ. ಅದು ನದಿಯಂತೆ. ತೊಗರಿಬೇಳೆ ಕಾಲ್ದಳ, ಕಾಬೂಲಿ ಕಡಲೆ ಫಿರಂಗಿ, ಆಚೆ ದಡದ ಕರೀ ಉದ್ದು ಜರ್ಮನಿಯವರು. ಬೀಗರು ಸ್ನಾನಕ್ಕೆ ಹೋದರು. ರೋಗದ ಭಯಕ್ಕೆ ಯಾರೂ ಅಂಗಡಿಗೆ ಹೋಗಿರಲಿಲ್ಲ, ಬೇಳೆ ಡಬ್ಬಿ ಖಾಲಿ. ನಾನೇನು ಮಾಡ್ಲಿ?

“ಬೀಗಿತ್ತಿಯವರೇ, ನನ್ನ ಕಾಲ್ದಳ ಎಲ್ಲಿ?”

“ಕುಕ್ಕರಿನಲ್ಲಿ. ಎರಡು ಸೀಟಿ ಆಯ್ತು.”

“ಇನ್ನು ನದಿ ಕಾಯೋರು ಯಾರ್ರೀ?”

“ಕಡಲೆ ಇದೆಯಲ್ಲ, ಇವತ್ತು ಅದೇ ಕಾಯಲಿ. ನಾಳೆ ಅದನ್ನೂ ನೆನೆಹಾಕ್ತೀನಿ.”

ಮಾತು ಬಿಟ್ಟರು. ಹುಳಿ ಮಾತ್ರ ಎರಡನೇ ಸಲವೂ ಬಡಿಸ್ಕೊಂಡರು!

ರೋಗ ಇಳಿದ ಮೇಲೆ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನಲ್ಲಿ ನೆಂಟರ ಮನೆ ನಾಮಕರಣ. ಫ್ರೀವೇ ಟ್ರಾಫಿಕ್ಕಿನಲ್ಲಿ ಬೀಗರ ಬಾಯಲ್ಲಿ ದಂಡು ಎರಡು ಸಲ ಹುಟ್ಟಿ ಎರಡು ಸಲ ಸತ್ತರೂ ನಾವು ಊರು ಸೇರಲಿಲ್ಲ, ಯಾರೂ ಕಿವಿಗೊಡಲೂ ಇಲ್ಲ. ಅಲ್ಲಿ ಬೀಗರು ತಟ್ಟೆ ಹಿಡಿದ ಸಾಫ್ಟ್‌ವೇರ್ ಹುಡುಗರನ್ನ ಒಬ್ಬೊಬ್ಬರನ್ನೇ ಮೂಲೆಗೆ ಒತ್ತಿದರು. “ಅಂಕಲ್, ಮೀಟಿಂಗ್ ಇದೆ” ಅಂತ ಒಬ್ಬ ಜಾರಿದ. ಭಾನುವಾರ ಮಧ್ಯಾಹ್ನ! ದಂಡು ನದಿ ಮುಟ್ಟೋ ಹೊತ್ತಿಗೆ ಎದುರಿಗೆ ಉಳಿದದ್ದು ನೆಂಟರ ಪುಟ್ಟ ಮಗಳೊಬ್ಬಳೇ.

“ತಾತಾ, ಡಿಡ್ ದೇ ವಿನ್?”

“ಇಲ್ಲ ಪುಟ್ಟಿ, ಸೋತರು.”

“ದೆನ್ ವೈ ಆರ್ ಯೂ ಟೆಲ್ಲಿಂಗ್ ಮಿ?”

ಬೀಗರು ತೆರೆದ ಬಾಯಿಗೆ ಪಾಯಸ ಹಾಕಿಕೊಂಡು ಮುಚ್ಚಿದರು. ತೊಟ್ಟಿಲ ಕಡೆಗಂತೂ ತಲೆಯೇ ಹಾಕಲಿಲ್ಲ. ದಂಡಿನ ಗುಂಗು, ಅಂದ್ಕೊಂಡೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹಿತ್ತಲಲ್ಲಿ ಕೂತು ತರ್ಪಣ ಬಿಡ್ತಿದ್ದರು. ಅಪ್ಪ, ತಾತ, ಮುತ್ತಾತ ಎಲ್ಲ ಆಯ್ತು. ಕೊನೆಗೆ ದಿಕ್ಕಿಲ್ಲದವರಿಗೆ ಅಂತ ಎಳ್ಳುನೀರು ಬಿಡ್ತಾರಲ್ಲ, ಅದರಲ್ಲಿ ಆ ದಂಡಿನ ನಂಬರನ್ನೂ ಸೇರಿಸಿದರು!

“ಫ್ರಾನ್ಸಿನವರಿಗೆ ನಿಮ್ಮ ಎಳ್ಳು ಸೇರತ್ತಾ ಬೀಗರೇ?” ಅಂದೆ.

ನಗಲಿಲ್ಲ.

“ನಿಮ್ಮ ಅಳಿಯನಿಗಿಂತ ಮುಂಚೆ ನಮಗೊಂದು ಹೆಣ್ಣಿತ್ತು. ಹೆಸರಿಡೋಕೂ ಮುಂಚೆ ಹೋಯ್ತು. ಹಸುಗೂಸಿಗೆ ತಿಥಿ ಇಲ್ಲ, ತರ್ಪಣ ಇಲ್ಲ ಅಂದ್ರು ಪುರೋಹಿತರು. ಆಮೇಲೆ ಮನೇಲಿ ಯಾರೂ ಆ ಸುದ್ದಿ ಎತ್ತಲೇ ಇಲ್ಲ. ಎಷ್ಟು ದಿನ ಇದ್ರೇನು, ಇದ್ದದ್ದು ಇದ್ದದ್ದೇ ಅಲ್ವೇನ್ರೀ?”

ನನಗೆ ಸಮಾಧಾನ ಹೇಳೋಕೆ ಬರಲ್ಲ. ಒಳಗೆ ಹೋದೆ, ದುಪ್ಪಟ್ಟಾ ಹಾಸಿದೆ, ತೊಗರಿಬೇಳೆ ಡಬ್ಬಿ ಪೂರ್ತಿ ಟೇಬಲ್ ಮೇಲೆ ಸುರಿದೆ.

“ಬನ್ನಿ, ಕೂತ್ಕೊಳ್ಳಿ. ಮೊದಲಿಂದ ಹೇಳಿ.”

ಕೊನೇತನಕ ಕೇಳಿದೆ. ಆವತ್ತು ನಮ್ಮನೇಲಿ ಹೆಸರುಬೇಳೆ ತೊವ್ವೆ.