ಪಾರ್ಕಿನೊಳಗೆ ನಮ್ಮ ಎರಡು ಎಕರೆ ಜೋಳ

ಸರಕಾರದ ಜಾಗದಲ್ಲಿ ಬಿತ್ತಿದವನಿಗೆ ಬೆಳೆಗಿಂತ ಮೊದಲು ಅಂಜಿಕೆ ಮೊಳೆಯುತ್ತದೆ. ನನಗೆ ಅದು ವರ್ಷವಿಡೀ ಕಟಾವಿಗೆ ಬರುತ್ತಲೇ ಇರುತ್ತದೆ. ಹೊಸಪೇಟೆಯ ಹೊರಗಿನ ದೊಡ್ಡ ಪಾರ್ಕಿನಲ್ಲಿ ಖಾಲಿ ಬಿದ್ದ ಎರಡು ಎಕರೆಯನ್ನು, ವಿಷ ಹಾಕದೆ ಬೆಳೆಯುವವರಿಗೆ ಅಂತ ಲೀಸಿಗೆ ಕೊಟ್ಟರು. ದೇವರ ದಯೆ, ಮಲಪನಗುಡಿಯ ನನಗೆ ಸಿಕ್ಕಿತು. ಒಂದು ಷರತ್ತು ತಪ್ಪಿದರೂ ವಾಪಸು. ನಮಗೆ ಬೇರೆ ಹೊಲವಿಲ್ಲ.

೧. ಷರತ್ತು

ಪಾರ್ಕಿನ ಸಾಹೇಬರು ಓದಿದರು: "ಔಷಧ ಹೊಡಿಯಂಗಿಲ್ಲ. ಕಸ ಸುಡಂಗಿಲ್ಲ. ಬೇಲಿ ಹಾಕಂಗಿಲ್ಲ. ಹಕ್ಕಿ ಹೆದರಸಂಗಿಲ್ಲ."

ನನಗೆ ಬೆವರು ಕಿತ್ತುಬಂತು. "ಕೆಮ್ಮಬೌದೇನ್ರಿ ಸಾಹೇಬ್ರ?" ಅಂದೆ.

ಅವರು ಕಾಗದ ತಿರುವಿ ಮುರುವಿ ನೋಡಿದರು. "ಇದರಾಗ ಬರ್ದಿಲ್ಲ. ಮ್ಯಾಲಿನೋರನ್ನ ಕೇಳಿ ಹೇಳ್ತೀನಿ. ಅಲ್ಲೀತನ ತಡ್ಕೋ."

೨. ಡ್ರಮ್ಮು

ಸಗಣಿ, ಗಂಜಳ, ಬೆಲ್ಲ, ಕಡಲೆಹಿಟ್ಟು ಕಲೆಸಿ, ಬೆಳೆಗೆ ಹಾಕಲು ಡ್ರಮ್ಮಿನಲ್ಲಿ ಕೊಳೆಯಲು ಇಟ್ಟಿದ್ದೆ. ವಾಕಿಂಗಿಗೆ ಬಂದ ಹಿರಿಯರೊಬ್ಬರು ಮೂಗು ಹಿಡಿದು, "ಇದು ವಿಷಾನ. ಸಾಹೇಬ್ರಿಗೆ ಹೇಳ್ತೀನಿ" ಅಂದರು.

"ಅಲ್ರೀ ಯಜಮಾನ್ರ, ನೋಡ್ರಿ" ಎಂದು ಬಲಗೈಯಲ್ಲಿ ತುಸು ತಗೊಂಡು, ವಿರೂಪಾಕ್ಷನನ್ನು ನೆನೆದು, ಕಣ್ಣು ಮುಚ್ಚಿ ಕುಡಿದೆ. ತೀರ್ಥದ ರೂಢಿ ಬಿಡಬೇಕಲ್ಲ! ಒದ್ದೆ ಕೈ ತಲೆಗೆ ಒರೆಸಿಕೊಂಡೆ. ಕಣ್ಣು ಬಿಟ್ಟರೆ, ಆಗಷ್ಟೇ ಬಂದ ನಾಲ್ವರು ಚಪ್ಪಲಿ ಕಳಚಿ ನಿಂತಿದ್ದಾರೆ. ನಾನು ಬಾಯಿ ತೆರೆಯುವುದರೊಳಗೆ ಒಬ್ಬಾಕೆ ಬೊಗಸೆ ತುಂಬಿ ಕುಡಿದೇಬಿಟ್ಟಳು.

"ಯಾವ ಗುಡೀದ್ರಿ ಅಣ್ಣಾರ?"

"ನಮ್ಮ ಆಕಳದವ್ವ" ಅಂದೆ.

೩. ಐದು ಕಲ್ಲು

ಎಳ್ಳಮವಾಸ್ಯೆಗೆ ಹೊಲದ ನಡುವೆ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರು ಅಂತ ಪೂಜಿಸಿ, ಎಡೆಯನ್ನು ಬೆಳೆಗೆ ಚೆಲ್ಲುವುದು ನಮ್ಮ ಪದ್ಧತಿ. ಹಾಗೇ ಮಾಡಿ, ಕಲ್ಲುಗಳ ಸಾಲು ಅಲ್ಲೇ ಬಿಟ್ಟು ಬಂದೆ. ಮೂರನೇ ದಿನ ಅವಕ್ಕೆ ಕುಂಕುಮ ಬಿದ್ದಿತ್ತು. ವಾರದಲ್ಲಿ ಕಾಯಿ ಒಡೆದರು. ಸಂಡೂರಿನ ಕಡೆಯವರು ಯಾರೋ ಕೋಲು ನೆಟ್ಟು ಗಂಟೆಯನ್ನೇ ಕಟ್ಟಿದರು.

ಪಾರ್ಕಿನಲ್ಲಿ ಗುಡಿ ಎದ್ದರೆ ಲೀಸು ರದ್ದು. ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ. ಕಲ್ಲು ತೆಗೆದರೆ ದೇವರ ಸಿಟ್ಟು, ಬಿಟ್ಟರೆ ಹೊಲ ಹೋಯಿತು.

ಸಾಹೇಬರು ಬಂದರು. "ತೆಗಿ" ಅಂದರು.

"ಪೂಜೆ ಮಾಡಿದ ಕೈ ರೀ, ನಡುಗತಾವ. ನೀವ ತೆಗೀರಿ."

ಅವರು ಜೊತೆಗೆ ಬಂದಿದ್ದ ಮಾಲಿಯ ಕಡೆ ನೋಡಿದರು. ಮಾಲಿ, "ನನಗ ಮಕ್ಕಳದಾವ್ರಿ" ಎಂದು ಹಿಂದೆ ಸರಿದ.

ಸಾಹೇಬರು ತಾವೇ ಕಲ್ಲಿನ ಹತ್ತಿರ ಹೋದರು. ಬೂಟು ಬಿಚ್ಚಿ ಕೈಮುಗಿದರು. ಆಮೇಲೆ ವರದಿ ಬರೆದರು: "ಗುಡಿ ಇಲ್ಲ. ಇರುವುದು ಲೀಸಿನ ಗಡಿ ತೋರಿಸುವ ಐದು ಕಲ್ಲು ಮಾತ್ರ." ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಮರುವಾರ ಅಳೆಯುವವರು ಬಂದರು. ವರದಿ ಓದಿ, ಗಡಿಕಲ್ಲಿನ ತನಕ ಟೇಪು ಹಿಡಿದರು. ಕಲ್ಲುಗಳಿದ್ದದ್ದು ಹೊಲದ ನಟ್ಟನಡುವೆ. ಲೀಸು ಉಳಿಯಿತು, ಎರಡು ಎಕರೆ ಹೋಗಿ ಒಂದೇ ಎಕರೆ ಆಯಿತು.

ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕುಂತೆ. ಮನೆಯಾಕೆ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡು ಅಂದಳು:

"ವನವಾಸ ಮುಗಿಸಿ ಬಂದು ಅಷ್ಟ ಬೇಡ್ಕೊಂಡ್ರೂ ಪಾಂಡವ್ರಿಗೆ ಅರ್ಧ ರಾಜ್ಯ ಯಾರೂ ಕೊಡ್ಲಿಲ್ಲ. ಪಾಪ, ನಿಮ್ಮಿಂದ ಸಿಕ್ತು ಬಿಡ್ರಿ."