ಗೇಟಿನ ಬೀಗಕ್ಕೊಂದು ರಾಷ್ಟ್ರೀಯ ನೀತಿ

ಈ ದೇಶದ ಶಿಕ್ಷಣ ನೀತಿ ಬರೆಯಲೆಂದೇ ಹುಟ್ಟಿದ ಮನುಷ್ಯ ಸದ್ಯಕ್ಕೆ ಹಾರನಹಳ್ಳಿಯ ನಮ್ಮ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ಅಲ್ಲಾಡಿಸುತ್ತ ಕೂತಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಂಬಿಸುವಷ್ಟು ತ್ರಾಣ ನನ್ನಲ್ಲೂ ಉಳಿದಿಲ್ಲ. ಅವರು ನನ್ನ ಚಿಕ್ಕಪ್ಪ. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದು ನಿವೃತ್ತರಾದವರು. ಅದೇ ಹೈಸ್ಕೂಲಿನಲ್ಲಿ ಈಗ ನಾನು ಮೇಷ್ಟರು. ಹೆಡ್‌ಮಾಸ್ಟರ್ ಹುದ್ದೆ ಖಾಲಿ ಬಿದ್ದಿರುವುದರಿಂದ ಅದರ ಪ್ರಭಾರವೂ ನನ್ನ ತಲೆಗೇ. ಪ್ರಭಾರ ಎಂದರೆ ಇನ್ನೇನಿಲ್ಲ, ಬಿಸಿಯೂಟದ ಮೊಟ್ಟೆಯಿಂದ ಹಿಡಿದು ಗೇಟಿನ ಬೀಗದ ಕೈವರೆಗೆ ಎಲ್ಲದಕ್ಕೂ ಬೈಸಿಕೊಳ್ಳುವ ಹಕ್ಕು!

ಅಟ್ಟದ ಕಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಯಾರೂ ಅವಸರಕ್ಕೆ ಒಡೆಯುವುದಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಟ್ಟು, ಆಗಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಎಂದರೆ ಒಳಗಿನ್ನೂ ನೀರಿದೆ, ವಾಪಸ್ಸಿಡು. ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇಳಿಸು. ಚಿಕ್ಕಪ್ಪನಿಗೆ ಇದೊಂದು ಚಟವಾಗಿಬಿಟ್ಟಿದೆ. ಮದುವೆಮನೆಯಲ್ಲಿ ತಾಂಬೂಲಕ್ಕೆ ಕೊಟ್ಟ ಕಾಯಿಯನ್ನೂ ಅಲ್ಲಾಡಿಸಿ, ಬೀಗರ ಎದುರಿಗೇ "ಎಳಸು" ಎಂದು ತೀರ್ಪು ಕೊಟ್ಟ ಮಹಾನುಭಾವರು!

ಎಲ್ಲಕ್ಕೂ ಮೂಲ ಆ ಬೀಗದ ಕೈ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ. ಈಗೆಲ್ಲ ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ, ಶಾಲೆಗೆ ಬೀಗ. ಚಿಕ್ಕಪ್ಪ ಒಂದು ದಿನ ಬಂದು, "ರಿಸಲ್ಟ್ ದಿನ ಗೇಟು ತೆಗೆದಿಡ್ಲಾ. ಫೇಲಾದ ಮಕ್ಕಳು ಬಂದ್ರೆ ಮಾತಾಡ್ಸಕ್ಕೆ ಒಬ್ರಾದ್ರೂ ಇರ್ಬೇಕು" ಎಂದರು.

ಅವರು ಮೇಷ್ಟರಾಗಿದ್ದಾಗ ಫೇಲಾದ ಹುಡುಗನೊಬ್ಬ ಫಲಿತಾಂಶದ ದಿನ ಶಾಲೆಗೆ ಬಂದಿದ್ದನಂತೆ. ಗೇಟಿಗೆ ಬೀಗ. ಚಿಕ್ಕಪ್ಪ ಅರಸೀಕೆರೆ ಮಾರ್ಕೆಟ್ಟಿಗೆ ಕೊಬ್ಬರಿ ಹಾಕಲು ಹೋಗಿದ್ದರು. ಹುಡುಗ ಸುಮಾರು ಹೊತ್ತು ಗೇಟಿನ ಹತ್ತಿರ ಕೂತಿದ್ದು, ಬಾಣಾವರಕ್ಕೆ ಹೋಗಿ ಸಿಕ್ಕಿದ ರೈಲು ಹತ್ತಿದವನು ಇವತ್ತಿನವರೆಗೂ ಬಂದಿಲ್ಲ. ಈ ಕಥೆ ನನಗೆ ಬಾಯಿಪಾಠ. ಆದರೂ ನಾನು, "ರಜೆಯಲ್ಲಿ ಶಾಲೆ ತೆಗೆಯೋಕೆ ಮೇಲಿಂದ ಆದೇಶ ಬೇಕು ಚಿಕ್ಕಪ್ಪ" ಎಂದೆ.

"ಮೇಲಿಂದ ಅಂದ್ರೆ?"

"ಅರಸೀಕೆರೆಯಿಂದ. ಅದಕ್ಕೂ ಮೇಲಿಂದ. ಅದಕ್ಕೂ ಮೇಲಿಂದ."

ಸಾಕಾಗಿ ಆಡಿದ ಮಾತದು. ಇವರು ಅದನ್ನೇ ಕಟ್ಟಿಕೊಂಡು ಹೊರಡುತ್ತಾರೆಂದು ಯಾರಿಗೆ ಗೊತ್ತಿತ್ತು? ಒಂದು ಬೆಳಿಗ್ಗೆ ಪೇಪರು ಹಿಡಿದುಕೊಂಡು ಬಂದರು. ರಾಷ್ಟ್ರೀಯ ಶಿಕ್ಷಣ ಮತ್ತು ಕೌಶಲ್ಯ ನೀತಿ ರೂಪಿಸಲು ಸಲಹೆಗಾರರು ಬೇಕಾಗಿದ್ದಾರೆ ಎಂಬ ಜಾಹೀರಾತು. "ನಿಂಗೆ ಮೇಲಿಂದ ತಾನೇ ಬೇಕು? ತುದೀಗೇ ಹೋಯ್ತೀನಿ. ನನ್ನ ನೀತಿ ಒಂದೇ ಸಾಲು. ರಿಸಲ್ಟ್ ದಿನ ಶಾಲೆ ಬಾಗ್ಲು ತೆಗೆದಿರ್ಬೇಕು, ಒಳಗೆ ಮೇಷ್ಟ್ರು ಕೂತಿರ್ಬೇಕು. ಮಿಕ್ಕಿದ್ದನ್ನ ಅವರೇ ಬರ್ಕೊಳ್ಲಿ."

ಚಿಕ್ಕಮ್ಮ ಅಡಿಗೆಮನೆಯಿಂದಲೇ, "ದೇಶಕ್ಕೆ ಆಮೇಲೆ ಮಾಡೀರಂತೆ. ಮೊದ್ಲು ಅಟ್ಟದ ಮೇಲಿನ ಇಲಿಗಳಿಗೊಂದು ನೀತಿ ಮಾಡ್ರೀ!" ಎಂದರು.

ಅರ್ಜಿ ತುಂಬುವ ಕೆಲಸ ಯಾರಿಗೆ ಬಿತ್ತು ಅಂತ ಕೇಳಬೇಡಿ. ವಿಶೇಷ ಪರಿಣತಿ ಎಂದಿದ್ದಲ್ಲಿ ಏನು ಬರೆಯಲಿ ಎಂದರೆ, "ಒಡೀದೆ ಒಳಗಿಂದು ಹೇಳ್ತೀನಿ ಅಂತ ಬರಿ" ಎಂದರು. ಬರೆದೆ. ವಾದ ಮಾಡುವುದಕ್ಕಿಂತ ಬರೆಯುವುದು ಸಲೀಸು.

ಆಮೇಲೆ ಕ್ಷೇತ್ರ ಅಧ್ಯಯನ! ಭಾನುವಾರ ಮಲಗೋಣವೆಂದಿದ್ದ ನನ್ನನ್ನು ಎಬ್ಬಿಸಿ ಬಸ್ಸು ಹತ್ತಿಸಿದರು. ಬೇಲೂರಿನಲ್ಲಿ ಗೈಡನ್ನು ಹಿಡಿದುಕೊಂಡು ಶಿಲಾಬಾಲಿಕೆಯೊಂದನ್ನು ತೋರಿಸಿ, "ಇದನ್ನ ಕೆತ್ತಿದೋನು ಎಷ್ಟನೇ ಕ್ಲಾಸು ಓದಿದ್ದ?" ಎಂದರು. ಗೈಡು ನನ್ನ ಮುಖ ನೋಡಿದ. ನಾನು ಗೋಪುರ ನೋಡಿದೆ. "ಸಾರ್, ಅದು ಶಾಸನದಲ್ಲಿಲ್ಲ" ಎಂದು ಪಾರಾದ ಪುಣ್ಯಾತ್ಮ.

ಹಳೇಬೀಡಿನ ಗೈಡಮ್ಮ ಪಾಪ, ಈ ಗುಡಿ ಪೂರ್ತಿಯಾಗಲೇ ಇಲ್ಲ, ಕೆಲಸ ಅರ್ಧಕ್ಕೇ ನಿಂತಿತು ಎಂದು ವಿವರಿಸುತ್ತಿದ್ದಳು. ಚಿಕ್ಕಪ್ಪ ಅಷ್ಟು ಜನರ ಮಧ್ಯೆ ನನ್ನ ತೋಳು ಹಿಡಿದು ಜಗ್ಗಿ, "ಕೇಳಿಸ್ಕೊಂಡ್ಯೇನ್ಲಾ? ಇಷ್ಟು ಕಾಲ ಆದ್ರೂ ಮುಗಿದಿಲ್ಲ. ಯಾರಾದ್ರೂ ಇದನ್ನ ಫೇಲು ಅಂದವ್ರಾ? ಎಲ್ಲೆಲ್ಲಿಂದಲೋ ಬಂದು ಬಾಯಿ ಬಿಟ್ಕೊಂಡು ನೋಡ್ತಾವ್ರೆ!" ಎಂದರು. ಅಕ್ಕಪಕ್ಕದವರೆಲ್ಲ ಬಾಯಿ ಮುಚ್ಚಿಕೊಂಡರು.

ಯಾವ ದೇವರ ಮಹಿಮೆಯೋ, ಸಂದರ್ಶನಕ್ಕೆ ಕರೆ ಬಂತು! ಪರದೆಯ ಮೇಲೆ. ನಮ್ಮ ನಡುಮನೆಯಲ್ಲಿ ನನ್ನ ಲ್ಯಾಪ್‌ಟಾಪ್. ಹಣೆಗೆ ವಿಭೂತಿ, ಮೈಮೇಲೆ ಮದುವೆ ಕೋಟು, ಮಡಿಲಲ್ಲಿ ಕಾಯಿ, ಪಕ್ಕದಲ್ಲಿ ನಾನು. ಆ ಕಡೆ ಡೆಲ್ಲಿಯ ಮೂವರು. ನಿಮ್ಮ ಮುನ್ನೋಟವೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಚಿಕ್ಕಪ್ಪ ಗಂಭೀರವಾಗಿ ಕಾಯಿಯೆತ್ತಿ ಮೈಕಿನ ಹತ್ತಿರ ಹಿಡಿದು ಗಡಗಡನೆ ಅಲ್ಲಾಡಿಸಿದರು. "ನಿಮ್ಮ ಲೈನಿನಲ್ಲಿ ಏನೋ ಸದ್ದು ಬರ್ತಿದೆ" ಎನ್ನುತ್ತ ಅವರು ಅಲ್ಲಿಂದಲೇ ಇವರನ್ನು ಮ್ಯೂಟ್ ಮಾಡಿದರು. ಚಿಕ್ಕಪ್ಪ ತಮ್ಮ ಒಂದು ಸಾಲಿನ ನೀತಿಯನ್ನು ಹೇಳಿದ್ದು ಆಮೇಲೆ. ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ಬಾಣಾವರದ ರೈಲನ್ನೂ ಸೇರಿಸಿ ಮತ್ತೊಮ್ಮೆ. ಮೂವರೂ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ತಲೆಯಾಡಿಸಿ, ವಂದನೆ ಹೇಳಿ ಹೋದರು. ಪರದೆಯ ಮೂಲೆಯಲ್ಲಿ ಮೈಕಿನ ಚಿತ್ರದ ಮೇಲೆ ಮ್ಯೂಟಿನ ಕೆಂಪು ಗೆರೆ ಹಾಗೇ ಇತ್ತು. ನಾನು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದೆ.

"ಹೇಳಿದೀನಿ. ಆದೇಶ ಬತ್ತದೆ" ಎಂದು ಅವರು ಕೋಟು ಬಿಚ್ಚಿದರು.

ಕೆಲಸ ಇನ್ಯಾರಿಗೋ ಹೋಯಿತು. ಅದಕ್ಕೇನೂ ಅವರಿಗೆ ಬೇಸರವಾಗಲಿಲ್ಲ. ಆದರೆ ದಿನಾ ಬೆಳಿಗ್ಗೆ ಕಾಫಿಯ ಹೊತ್ತಿಗೆ, "ಆದೇಶ ಬಂತೇನ್ಲಾ?" "ಇಲ್ಲ ಚಿಕ್ಕಪ್ಪ." ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಾನು ಕಾಫಿಯನ್ನೇ ಬಿಟ್ಟು ನೋಡಿದೆ, ಸ್ನಾನದ ಮನೆಯ ಬಾಗಿಲಿಗೇ ಬಂದು ಕೇಳಿದರು!

ಫಲಿತಾಂಶದ ದಿನ ಬೆಳಿಗ್ಗೆ ಅವರು ಕಾಫಿಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಶಾಲೆಯ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಕೈಯಲ್ಲೊಂದು ಕಾಯಿ. ಬಿಸಿಲು ಆಗಲೇ ಮುಖಕ್ಕೆ ಹೊಡೆಯುತ್ತಿತ್ತು. ನನ್ನನ್ನು ಕಂಡು, "ಬಂತೇನ್ಲಾ?" ಎಂದರು.

"ಬಂತು ಚಿಕ್ಕಪ್ಪ" ಎಂದು ಜೇಬಿನಿಂದ ಬೀಗದ ಕೈ ತೆಗೆದೆ.

ಗೇಟು ತೆಗೆದು ಜಗಲಿಯ ಮೇಲೆ ಬೆಂಚು ಹಾಕಿ ಇಬ್ಬರೂ ಕೂತೆವು. ಸುಮಾರು ಹೊತ್ತು ಯಾರೂ ಬರಲಿಲ್ಲ. ನನಗೆ ಆಕಳಿಕೆಯೂ ಬಂತು. ಆಮೇಲೆ ಗೇಟಿನ ಹತ್ತಿರ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸೈಕಲ್ ಹಿಡಿದುಕೊಂಡು ನಿಂತಳು. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ಚಿಕ್ಕಪ್ಪ ಎದ್ದು ಹೋಗಿ ಕರೆದುಕೊಂಡು ಬಂದರು.

"ಗಣಿತ ಹೋಗೈತೆ ಸಾ. ಮನೇಗೆ ಹೆಂಗೆ ಹೋಗ್ಲಿ?"

ಚಿಕ್ಕಪ್ಪ ಕಾಯಿಯನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಏನು ಕೇಳಿಸ್ತು?"

"ನೀರು."

"ಇದನ್ನ ಬಿಸಾಕ್ತಾರೇನವ್ವಾ?"

ತೆಂಗಿನ ತೋಟದ ಮಗಳು. ಅಳುತ್ತಲೇ, "ಯಾಕೆ ಬಿಸಾಕ್ತಾರೆ? ಅಟ್ಟದ ಮೇಲಿಡ್ತಾರೆ" ಎಂದಳು.

"ಹ್ಞೂಂ. ಇನ್ನೊಂದು ಪರೀಕ್ಷೆ ಐತಲ್ಲ. ಅಲ್ಲೀವರ್ಗೂ ದಿನಾ ಇಲ್ಲಿಗೆ ಬಾ, ಈ ಸಾರು ಲೆಕ್ಕ ಹೇಳ್ಕೊಡ್ತಾರೆ." ನನ್ನನ್ನು ಕೇಳಲೂ ಇಲ್ಲ, ನೋಡಿ! ಹುಡುಗಿ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. ಮೂಗೊರೆಸಿಕೊಂಡು ಸೈಕಲ್ ಹತ್ತಿ ಮನೆಯ ದಾರಿ ಹಿಡಿದಳು.

ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಚಿಕ್ಕಪ್ಪ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ಆದೇಶ ಬಂದಿಲ್ಲ. ಅವತ್ತು ಡೆಲ್ಲಿಯವರಿಗೆ ನಿಮ್ಮ ಮಾತು ಕೇಳಿಸಲೇ ಇಲ್ಲ" ಎಂದೆ.

"ಗೊತ್ತು ಕಣ್ಲಾ. ಆ ಕೆಂಪು ಗೆರೆ ನಂಗೂ ಕಾಣ್ತಿತ್ತು."

"ಮತ್ತೆ ಅಷ್ಟು ಹೊತ್ತು ಯಾರಿಗೆ ಹೇಳ್ತಿದ್ರಿ?"

"ಬೀಗದ ಕೈ ಯಾರ ಜೇಬಲ್ಲಿತ್ತು?" ಎಂದು ಚಿಕ್ಕಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟರು.