ಹಿತ್ತಲ ತೊಟ್ಟಿಗೆ ಕಾಯಂ ಹಕ್ಕಿ

ತೂಕ ಮತ್ತು ಅಳತೆ ಕಚೇರಿಯ ಹಿತ್ತಲಿಗೆ ಹಕ್ಕಿಗಳು ಸ್ವಂತ ಇಚ್ಛೆಯಿಂದ ಬರತಕ್ಕದ್ದು ಎಂದು ಮೇಲಿನಿಂದ ಆದೇಶವಾಯಿತು. ದೊಡ್ಡ ಸಾಹೇಬರಿಗೆ ಹಕ್ಕಿಗಳೆಂದರೆ ಪ್ರಾಣ. ಬೇಸಿಗೆ ಮುಗಿಯುವುದರೊಳಗೆ ತಾವೇ ಬಂದು ನೋಡುವುದಾಗಿಯೂ, ಹಕ್ಕಿ ಕಾಣದ ಕಚೇರಿಯಲ್ಲಿ ತಾತ್ಕಾಲಿಕ ನೌಕರರನ್ನು ಕೈಬಿಡುವುದಾಗಿಯೂ ತಿಳಿಸಿದ್ದರು. ನಮ್ಮಲ್ಲಿ ತಾತ್ಕಾಲಿಕ ನೌಕರನೆಂದರೆ ಕಾವಲುಗಾರ ಒಬ್ಬನೇ. ಹೀಗಾಗಿ ಉಳಿದವರೆಲ್ಲ ಆದೇಶವನ್ನು ತುಂಬು ಹೃದಯದಿಂದ ಸ್ವಾಗತಿಸಿದೆವು.

ಹಕ್ಕಿಗಳ ಸ್ನಾನಕ್ಕೆಂದು ಅಗಲವಾದ ಕಲ್ಲಿನ ತೊಟ್ಟಿ ಬಂತು. ಬೇರೆಯವರಾಗಿದ್ದರೆ ನೀರು ಸುರಿದು ಸುಮ್ಮನಾಗುತ್ತಿದ್ದರು. ನಾವು ಅಳತೆಯವರು. ಅಂಗಡಿಯವನ ಲೀಟರಿನಲ್ಲಿ ಒಂದು ಹನಿ ಕಡಿಮೆಯಾದರೂ ದಂಡ ಹಾಕುವ ನಾವೇ ಹೆಚ್ಚುಕಡಿಮೆ ಮಾಡಿದರೆ ಜನ ಉಗಿಯುವುದಿಲ್ಲವೇ? ಆದ್ದರಿಂದ ಮೇಲ್ವಿಚಾರಕರು ತೊಟ್ಟಿಯೊಳಗೆ ಕೆಂಪು ಗೆರೆ ಎಳೆಸಿ, ‘ನೀರು ಸದಾ ಗೆರೆಗೆ ಸರಿಯಾಗಿ ನಿಂತಿರತಕ್ಕದ್ದು’ ಎಂದು ಬೋರ್ಡು ಹಾಕಿಸಿದರು. ಗೆರೆ ಕಾಯುವ ಹೊಣೆ ಕಾವಲುಗಾರನದು.

ಮೊದಲ ದಿನವೇ ಒಂದು ಮೈನಾ ಬಂದು ಮುಳುಗಿ ಎದ್ದು ರೆಕ್ಕೆ ಕೊಡವಿತು. ನೀರು ಗೆರೆಯಿಂದ ಕೆಳಗಿಳಿಯಿತು.

“ಏನಯ್ಯಾ ಇದು?” ಎಂದರು ಮೇಲ್ವಿಚಾರಕರು.

“ಹಕ್ಕಿ ಸ್ನಾನ ಮಾಡ್ತು ಸಾರ್.”

“ಮಾಡ್ಲಿ, ಬೇಡ ಅಂದೋರು ಯಾರು? ನೀರು ಯಾಕೆ ಚೆಲ್ಬೇಕು?”

ಪ್ರಶ್ನೆ ನ್ಯಾಯವಾಗಿತ್ತು. ಅಂದಿನಿಂದ ಕಾವಲುಗಾರ ಕೋಲು ಹಿಡಿದು ನಿಂತ. ನೀರು ಗೆರೆ ಬಿಟ್ಟು ಕದಲಲಿಲ್ಲ. ಹಕ್ಕಿಗಳು ಪಕ್ಕದ ಸೈಕಲ್ ರಿಪೇರಿಯವನು ಪಂಕ್ಚರ್ ನೋಡುವ ಬೋಗುಣಿಯಲ್ಲಿ ಮೀಯತೊಡಗಿದವು. ಅಳತೆ ಇಲ್ಲದ ನೀರು ಇಟ್ಟಿದ್ದಕ್ಕೆ ಅವನಿಗೆ ನೋಟಿಸು ಕೊಟ್ಟೆವು.

ದೊಡ್ಡ ಸಾಹೇಬರ ಕಾರು ಗೇಟಿನೊಳಗೆ ಬಂದಾಗ ಹಿತ್ತಲಲ್ಲಿ ಒಂದು ಗುಬ್ಬಿಯೂ ಇರಲಿಲ್ಲ. ಕಾವಲುಗಾರ ಗೇಟಿನ ಕಡೆಗೊಮ್ಮೆ, ತೊಟ್ಟಿಯ ಕಡೆಗೊಮ್ಮೆ ನೋಡಿದ. ಮನೆಯಲ್ಲಿ ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ತಾಯಿ. ಎಲ್ಲರ ಹೊಟ್ಟೆಯೂ ಇವನ ಕೆಲಸದ ಮೇಲೆಯೇ ನಿಂತಿತ್ತು. ನನಗೂ ಅಯ್ಯೋ ಪಾಪ ಅನ್ನಿಸಿತು, ಆದರೆ ಅದು ನನ್ನ ವಿಭಾಗವಲ್ಲ. ಅವನು ಕೋಲು ಎಸೆದ, ಅಂಗಿ ಕಳಚಿದ, ತೊಟ್ಟಿಯೊಳಗೆ ಕುಕ್ಕರುಗಾಲಲ್ಲಿ ಕೂತು ಎರಡೂ ತೋಳು ಬಡಿದ. ಒಮ್ಮೆ ಕೀಚ್ ಎಂದೂ ಅಂದ.

ಸಾಹೇಬರು ಕೈಗೆಟಕುವಷ್ಟು ಹತ್ತಿರದಲ್ಲಿ ನಿಂತು ದುರ್ಬೀನು ಹಿಡಿದರು.

“ಯಾವ ಹಕ್ಕಿ ರೀ ಇದು?”

“ಇಲ್ಲಿದೇ ಸಾರ್. ಸ್ವಲ್ಪ ನಾಚಿಕೆ ಸ್ವಭಾವ,” ಎಂದರು ಮೇಲ್ವಿಚಾರಕರು.

“ಮೀಸೆ ಇದೆಯಲ್ರೀ?”

“ಗಂಡು ಸಾರ್.”

ಸಾಹೇಬರು ತಲೆದೂಗಿದರು. ಇಂಥ ಹಕ್ಕಿಯನ್ನು ಬೇರೆ ಕಚೇರಿಗೆ ಹಾರಿಹೋಗಲು ಬಿಡಬಾರದೆಂದು ಅಲ್ಲೇ ಅದನ್ನು ಕಾಯಂ ಮಾಡಿದರು. ಕೆಲಸದ ವೇಳೆಯಲ್ಲಿ ಅದು ತೊಟ್ಟಿಯಲ್ಲಿಯೇ ಇರತಕ್ಕದ್ದು. ಹಾರಬಲ್ಲವರಿಗೆ ಪ್ರಯಾಣ ಭತ್ಯೆ ಸಲ್ಲದು ಎಂದು ಲೆಕ್ಕದ ಗುಮಾಸ್ತರು ಸೇರಿಸಿದರು.

ಮಧ್ಯಾಹ್ನ ಅವನ ಹೆಂಡತಿ ಊಟದ ಡಬ್ಬಿ ತಂದಳು. ತೊಟ್ಟಿಯಲ್ಲಿ ಗಂಡನನ್ನು ಕಂಡು ನಿಂತುಬಿಟ್ಟಳು.

“ಏನ್ರೀ ಇದು, ಎಲ್ಲರ ಎದುರಿಗೆ?”

“ಕಾಯಂ ಆಯ್ತು ಕಣೇ.”

“ನಿಜವಾಗ್ಲೂ?”

“ಸಾಹೇಬ್ರೇ ಮಾಡಿ ಹೋದ್ರು.”

ಅವಳ ಕಣ್ಣಲ್ಲಿ ನೀರು ಬಂತು. ಟವೆಲಿನಿಂದ ಅವನ ತಲೆ ಒರೆಸಿ, ತುತ್ತು ಮಾಡಿ ಬಾಯಿಗಿಟ್ಟಳು. ಅಷ್ಟರಲ್ಲಿ ಒಂದು ಮೈನಾ ಎಲ್ಲಿಂದಲೋ ಹಾರಿ ಬಂದು ತೊಟ್ಟಿಯ ಅಂಚಿನಲ್ಲಿ ಕೂತಿತು. ನಾವೆಲ್ಲ ಕತ್ತು ಚಾಚಿ ನೋಡಿದೆವು. ಅವಳು ಡಬ್ಬಿಯ ಮುಚ್ಚಳ ಎತ್ತಿ ಬೀಸಿದಳು.

“ಹುಶ್, ಹೋಗಾಚೆ. ಇದು ನಮ್ಮನೆಯವರ ಕೆಲಸ.”

ಮೈನಾ ಹಾರಿಹೋಯಿತು. ಕಾಯಂ ನೌಕರನ ಹೆಂಡತಿಯಾಗಿ ಆಕೆ ಮಾಡಿದ್ದರಲ್ಲಿ ನಮಗೆ ಯಾವ ತಪ್ಪೂ ಕಾಣಲಿಲ್ಲ.